ಭಂಡಾರದ ಚೀಲ

ಗೂಟಕ್ಕೆ ತೂಗುಬಿಟ್ಟಿದ್ದ, ಮನೆದೇವರು ಮಲ್ಲಯ್ಯನ ಅರಿಶಿನ ಭಂಡಾರದ ಚೀಲಕ್ಕೆ ಸಲೋಮಿ ನರ್ಸ್ ಕೈ ಹಾಕಿದ್ದೇ ತಡ, "ಮುಟ್ಟಬ್ಯಾಡ್ರಿ!" ಎಂದು ಮಾಳಮ್ಮ ಬಾಗಿಲಲ್ಲೇ ನಿಂತು ಚೀರಿದಳು. ಹೀಗಾದೀತೆಂಬ ಭಯಕ್ಕೇ ಅವಳು ಬಾಗಿಲು ಬಿಟ್ಟು ಕದಲಿರಲಿಲ್ಲ. ಕಾಲುವೆ ಕ್ವಾರ್ಟರ್ಸಿನ ಈ ಕಿರಿಸ್ತಾನದ ಹೆಂಗಸು ಕರೆಯದೆಯೇ ಬಂದು, ಕುರಿ ಕಾಯುವ ಗಂಡ ಸಾಬಣ್ಣನ ಕೀವುಗಟ್ಟಿದ ಕಾಲು ತೊಳೆಯುತ್ತಾಳೆಂದರೆ ಸುಮ್ಮನಂತೂ ಇರಲಿಕ್ಕಿಲ್ಲ. ಇವತ್ತು ಮಲ್ಲಯ್ಯನನ್ನು ಹೊರಗೆ ಹಾಕು ಅನ್ನುತ್ತಾಳೆ, ನಾಳೆ ತನ್ನ ದೇವರನ್ನು ಒಳಗೆ ತರುತ್ತಾಳೆ.

ಸಲೋಮಿ ಚೀಲವನ್ನು ಸಾಬಣ್ಣನ ಕೈಗಿಟ್ಟಳು. "ಯಣ್ಣಾ, ಆವಾಗಿಂದ ಇದನ್ನ ನೋಡಾಕತ್ತೀರಿ. ಹಣಿಗಿ ಹಚ್ಚಿಕೊಂಡು ಧೈರ್ಯ ತಗೋರಿ. ಜಾಲಿಮುಳ್ಳು ಒಳಗ ಮುರದೈತಿ, ತೆಗಿಯಾಗ ಬಾಳ ನೋಯ್ತೈತಿ."

ಜ್ವರಕ್ಕೆ ಸಾಬಣ್ಣನ ಕೈ ನಡುಗಿ ಭಂಡಾರ ಕೌದಿಯ ಮೇಲೆಲ್ಲ ಚೆಲ್ಲಿತು. ಸಲೋಮಿಯೇ ಚಿಟಿಕೆ ತೆಗೆದು ಅವನ ಹಣೆಗೆ ಹಚ್ಚಿದಳು.

"ನಿಮ್ಮ ಯೇಸು ಸಿಟ್ಟಾಗಂಗಿಲ್ಲೇನ್ರಿ?" ಮಾಳಮ್ಮನ ದನಿಯಲ್ಲಿ ಇನ್ನೂ ಗುಮಾನಿಯಿತ್ತು.

"ನೋಯೋರನ್ನ ಬಿಟ್ಟು ಹೋದ್ರ ಆಗ್ತಾನ."

"ಇದಕ್ಕೆಲ್ಲ ನಮ್ಮಿಂದ ಏನು ಬೇಕು? ಈಗ ಹೇಳಿಬಿಡ್ರಿ."

ಸಲೋಮಿ ಹಳದಿಯಾದ ಬೆರಳುಗಳನ್ನು ಅವಳ ಕಡೆ ಚಾಚಿದಳು. "ಒಂದು ತಂಬಿಗಿ ನೀರು ಬೇಕವ್ವಾ. ಕೈ ತೊಳಕೊಂಡು ಮುಳ್ಳು ತೆಗಿತೀನಿ."

ಮಾಳಮ್ಮ ಬಾಗಿಲು ಬಿಟ್ಟು ಒಳಗೆ ಬಂದಳು.