ತಲೆ ಬಾಚುವ ತಾಯಿ

"ಮುಟ್ಬೇಡಿ ಕಣಮ್ಮ, ಬಣ್ಣ ಹಾಳಾಗುತ್ತೆ!" ಚೆಲುವರಾಜು ಬಾಗಿಲ ಬಳಿಯಿಂದಲೇ ಕೂಗಿದ.

ಸರ್ವಮಂಗಳಾ ಕೈ ತೆಗೆಯಲಿಲ್ಲ. ಅವಳ ಬೆರಳು ಚಿತ್ರದೊಳಗಿನ ಹೆಂಗಸಿನ ಗಲ್ಲದ ಮೇಲಿತ್ತು.

"ಇವಳು ನನ್ನ ಮಗಳು," ಎಂದಳು.

ಸಿದ್ಧಾರ್ಥನಗರದ ಆ ಕಲಾಕೇಂದ್ರವನ್ನು ನೋಡಿಕೊಳ್ಳುತ್ತಿದ್ದ ಚೆಲುವರಾಜು ಹತ್ತಿರ ಬಂದು ನೋಡಿದ, ಅವಳು ಅಳುತ್ತಿದ್ದಳು. ಸಮಕಾಲೀನ ಕಲಾ ಪ್ರದರ್ಶನ ಶುರುವಾದಾಗಿನಿಂದ ಬಂದವರೆಲ್ಲ ನಗುವುದನ್ನೋ ಮುಖ ಸಿಂಡರಿಸುವುದನ್ನೋ ನೋಡಿದ್ದ. ತುಕ್ಕು ಹಿಡಿದ ಸೈಕಲ್ ಚಕ್ರಗಳ ಗುಡ್ಡೆ, ಟಾರು ಬಳಿದ ಗೋಣಿಚೀಲ, ಇವುಗಳ ಮುಂದೆ ಯಾರೂ ಅತ್ತಿರಲಿಲ್ಲ.

ಮಗಳು ಮಧುಶ್ರೀ ಕಾಣೆಯಾದಾಗ ಹದಿನೇಳು ವಯಸ್ಸು. ಚಾಮರಾಜಪುರಂನ ಮನೆಯಿಂದ ಸರಸ್ವತಿಪುರಂನ ಟ್ಯುಟೋರಿಯಲ್‌ಗೆ ಹೊರಟವಳು ತಿರುಗಿ ಬರಲಿಲ್ಲ. ಪೊಲೀಸರು ಮೊದಲು ಗದರಿದರು, ಆಮೇಲೆ ಸಮಾಧಾನ ಹೇಳಿದರು, ಕೊನೆಗೆ ಇವರ ಗುರುತು ಹಿಡಿಯುವುದನ್ನೇ ಬಿಟ್ಟರು. ಯಾರ ಜೊತೆಗೋ ಓಡಿಹೋದಳು ಎಂದಿತು ಬೀದಿ. ಗಂಡ ವೃಷಭೇಂದ್ರಪ್ಪ ಮಗಳ ಹೆಸರೆತ್ತುವುದನ್ನೇ ನಿಲ್ಲಿಸಿದರು. ಏಳು ವರ್ಷ ಕಳೆದ ಮೇಲೆ ಒಂದು ದಿನ ಊಟಕ್ಕೆ ಕೂತವರು ತಟ್ಟೆ ನೋಡುತ್ತ ಹೇಳಿದರು: "ಇನ್ನು ಅವಳಿಲ್ಲ ಅಂದ್ಕೊಂಡು ಕಾರ್ಯ ಮುಗಿಸಿಬುಡೋಣ ಕಣೆ."

ಆ ವಾರವೇ ಪಕ್ಕದ ಮನೆಯ ರಮಾಮಣಿ ಏದುಸಿರು ಬಿಡುತ್ತ ಬಂದಳು. ಮೊಮ್ಮಗಳನ್ನು ಡ್ರಾಯಿಂಗ್ ಕ್ಲಾಸಿಗೆ ಬಿಡಲು ಕಲಾಕೇಂದ್ರಕ್ಕೆ ಹೋಗಿದ್ದಳಂತೆ. "ಮಂಗಳಾ, ಅಲ್ಲಿ ನಿಮ್ ಮಧು ಫೋಟೋ ಥರದ್ದು ಹಾಕವ್ರೆ ಕಣೇ. ಒಂದ್ಸಲ ಬಂದು ನೋಡು."

ಚಿತ್ರದಲ್ಲಿದ್ದವಳು ಹದಿನೇಳರ ಹುಡುಗಿಯಲ್ಲ. ಕೆನ್ನೆ ತುಂಬಿಕೊಂಡಿತ್ತು. ಕಣ್ಣ ಕೆಳಗೆ ಸಣ್ಣ ಗೆರೆ. ಕತ್ತಿನಲ್ಲಿ ತಾಳಿ. ಮೊಣಕಾಲುಗಳ ನಡುವೆ ಮಗುವನ್ನು ಕೂರಿಸಿಕೊಂಡು ತಲೆ ಬಾಚುತ್ತಿದ್ದಳು. ಸರ್ವಮಂಗಳಾ ಆ ಗಲ್ಲ ಮುಟ್ಟಿದ್ದು ಅದಕ್ಕೇ. ಮಗಳು ಹದಿನೇಳಕ್ಕೆ ಮುಗಿದುಹೋಗಿರಲಿಲ್ಲ. ಬೆಳೆದಿದ್ದಾಳೆ. ಯಾರೋ ಅವಳನ್ನು ನೋಡಿದ್ದಾರೆ.

ಮರುದಿನ ಗಂಡನನ್ನು ಎಳೆದು ತಂದಳು. ವೃಷಭೇಂದ್ರಪ್ಪ ಕನ್ನಡಕ ಒರೆಸಿ ಹಾಕಿಕೊಂಡು ಬಹಳ ಹೊತ್ತು ನೋಡಿದರು.

"ಬಾಚಣಿಗೆ ಬಲಗೈಯಲ್ಲಿದೆ. ಮಧು ಎಡಚಿ."

"ಗಂಡನ ಮನೇಲಿ ಬಿಡಿಸಿರ್ತಾರೆ ಕಣ್ರೀ. ಮುಖ ನೋಡಿ, ಮುಖ!"

ಮುಖ ನೋಡಿದರು. ಚಿಕ್ಕವಳಿದ್ದಾಗ ಹೊಸಿಲು ಎಡವಿ ಬಿದ್ದು ಹುಬ್ಬಿನ ಮೇಲಾದ ಗಾಯದ ಕಲೆ, ಇದ್ದ ಜಾಗದಲ್ಲೇ ಇತ್ತು. ವೃಷಭೇಂದ್ರಪ್ಪ ಕನ್ನಡಕ ತೆಗೆದು ಮತ್ತೊಮ್ಮೆ ಒರೆಸಿದರು. ಚೆಲುವರಾಜುವನ್ನು ಕೇಳಿದರು: "ಮನಸ್ಸಿಗೆ ಬಂದದ್ದು ಬರೆದಿರ್ತಾರೇನಪ್ಪ ಈ ಕಲಾವಿದ್ರು?"

"ಇಲ್ಲ ಸಾರ್. ನೋಡದ ಮುಖ ನಾನು ಬರೆಯೋದೇ ಇಲ್ಲ ಅಂತ ಅಮರೇಶ್ ಸಾರ್ ಯಾವಾಗ್ಲೂ ಹೇಳ್ತಾರೆ. ಈಗ ಧಾರವಾಡದಲ್ಲಿ ಮೇಷ್ಟ್ರು. ಕೊನೇ ದಿನ ಬರ್ತಾರೆ, ಅವರನ್ನೇ ಕೇಳಿ."

ಧಾರವಾಡ. ಆ ಹೆಸರು ಮನೆಯೊಳಗೆ ಬಂದು ಕೂತಿತು. ಸರ್ವಮಂಗಳಾ ಟ್ರಂಕಿನಿಂದ ಬಟ್ಟೆ ತೆಗೆದು ಪುಟ್ಟದೊಂದು ಲಂಗ ಹೊಲಿದಳು. ಮಗು ಹೆಣ್ಣೋ ಗಂಡೋ ಚಿತ್ರದಲ್ಲಿ ತಿಳಿಯುತ್ತಿರಲಿಲ್ಲ, ಹೆಣ್ಣೇ ಇರಬೇಕೆಂದುಕೊಂಡಳು. ಮಗಳ ಮಾತೇ ಆಡದ ವೃಷಭೇಂದ್ರಪ್ಪ ಈಗ ತಾವಾಗಿಯೇ ಕೇಳುತ್ತಿದ್ದರು, "ಧಾರವಾಡದಲ್ಲಿ ಚಳಿ ಜಾಸ್ತಿಯಂತಲ್ಲ?" ಕಾರ್ಯದ ಮಾತು ಮತ್ತೆ ಬರಲಿಲ್ಲ.

"ಆ ಅಮರೇಶನೇ ಅಳಿಯ ಆಗಿದ್ರೂ ಏನೂ ಅನ್ಬೇಡಿ," ಎಂದು ಸರ್ವಮಂಗಳಾ ಗಂಡನಿಗೆ ತಾಕೀತು ಮಾಡಿದಳು. "ಕೋಪದಲ್ಲಿ ಕಳಿಸ್ದೇ ಹೋದ್ರೆ?"

"ನಾನ್ಯಾಕೆ ಅನ್ಲಿ? ಒಂದ್ಸಲ ಕಣ್ಣಿಗೆ ತೋರಿಸಿದ್ರೆ ಸಾಕು."

ಕೊನೆಯ ದಿನ ಅಮರೇಶ್ ಬಂದ. ಮೂವತ್ತರ ಆಸುಪಾಸು, ಕುರುಚಲು ಗಡ್ಡ, ಸಂಕೋಚದ ನಗೆ. ಹಾರ ತುರಾಯಿ ಮುಗಿಯುವವರೆಗೆ ಇಬ್ಬರೂ ಗೋಡೆಯ ಪಕ್ಕ ಕಾದರು. ಜನ ಕಾಫಿಯ ಕಡೆಗೆ ಸರಿದಾಗ ಸರ್ವಮಂಗಳಾ ಅವನನ್ನು ಚಿತ್ರದ ಮುಂದೆ ಕರೆತಂದಳು.

"ಇವಳು ನಿಮಗೆ ಗೊತ್ತಾ?"

ಅವನ ಕಣ್ಣು ಮೃದುವಾಯಿತು. "ಗೊತ್ತಮ್ಮ. ಒಂದು ಕಾಲದಲ್ಲಿ ದಿನಾ ನೋಡ್ತಿದ್ದೆ. ಈ ಮುಖ ನನ್ನ ಬಿಡಲೇ ಇಲ್ಲ."

ವೃಷಭೇಂದ್ರಪ್ಪನವರ ಮುಷ್ಟಿ ಬಿಗಿಯಾಯಿತು. ಸರ್ವಮಂಗಳಾ ಗಂಡನ ಕೈ ಹಿಡಿದುಕೊಂಡಳು.

"ಮಾತಾಡ್ತಿದ್ಲಾ?"

"ಇಲ್ಲಮ್ಮ. ನೋಡ್ತಿದ್ದೆ, ಅಷ್ಟೇ. ನಾನೇನೂ ಮಾಡೋ ಹಾಗಿರ್ಲಿಲ್ಲ."

"ಈಗ... ಚೆನ್ನಾಗಿದ್ದಾಳಾ?"

ಅಮರೇಶ್ ತಡವರಿಸಿದ. "ಚೆನ್ನಾಗಿರಲಿ ಅಂತಲೇ ಬರೆದದ್ದು."

"ಎಲ್ಲಿದ್ದಾಳಪ್ಪ? ನಾವು ಏನೂ ಕೇಳೋದಿಲ್ಲ, ಯಾರನ್ನೂ ಬೈಯೋದಿಲ್ಲ." ಸರ್ವಮಂಗಳಾ ಚೀಲದಿಂದ ಲಂಗ ತೆಗೆದು ಅವನ ಮುಂದೆ ಹಿಡಿದಳು. "ಇದನ್ನ ಮಗೂಗೆ ಕೊಟ್ರೆ ಸಾಕು. ನಾನು ಅವಳ ತಾಯಿ."

ಅಮರೇಶ್ ಲಂಗವನ್ನು ನೋಡಿದ. ಅವಳ ಮುಖವನ್ನು ನೋಡಿದ. ಲಂಗ ಹಿಡಿದ ಅವಳ ಕೈಯನ್ನು ಮೆಲ್ಲನೆ ಕೆಳಗಿಳಿಸಿದ.

"ಅಮ್ಮಾ, ನಾನಿಲ್ಲಿ ಓದುವಾಗ ಸರಸ್ವತಿಪುರಂ ಬಸ್‌ಸ್ಟಾಪಿನ ಗೋಡೆ ಮೇಲೆ 'ಕಾಣೆಯಾಗಿದ್ದಾಳೆ' ಅಂತ ಯಾರೋ ಒಂದು ಪೋಸ್ಟರ್ ಅಂಟಿಸಿದ್ರು, ಅದರಲ್ಲಿದ್ದದ್ದು ಈ ಮುಖ ಒಂದೇ... ಬದುಕಿದ್ರೆ ಈಗ ಹೀಗಿರಬಹುದೇನೋ ಅಂತ ಮಿಕ್ಕಿದ್ದೆಲ್ಲ ನಾನೇ ಊಹಿಸ್ಕೊಂಡೆ."