ಆಯಿಲ್ ದೊಡ್ಡವನದು, ಕೂಲೆಂಟ್ ಚಿಕ್ಕವನದು

“ಅಮ್ಮಾ, ಅವನ ಕೂಲೆಂಟ್ ನನ್ನ ಆಯಿಲ್‌ಗೆ ನುಗ್ಗಿದೆ ಅಂತ ಹೇಳು.”

ದೊಡ್ಡ ಮಗ ಇಂಜಿನ್ ಆಯಿಲ್ ಮುಚ್ಚಳ ಎತ್ತಿ ತೋರಿಸಿದ. ಒಳಗೆಲ್ಲ ಹಾಲು ಹೆಚ್ಚಾದ ಕಾಫಿಯ ಬಣ್ಣದ ಲೋಳೆ. ಚಿಕ್ಕವನು ಕೈಗೆಟುಕುವಷ್ಟು ಹತ್ತಿರದಲ್ಲೇ ನಿಂತಿದ್ದ. ಆದರೆ ಮನೆ ಪಾಲಾದ ಮೇಲೆ ಅಣ್ಣತಮ್ಮಂದಿರ ನಡುವೆ ಮಾತಿರಲಿಲ್ಲ. ಮಧ್ಯೆ ಕುರ್ಚಿ ಹಾಕಿಕೊಂಡು ಕೂತ ತಾಯಿ ಮಾತನ್ನು ಅತ್ತಿಂದಿತ್ತ ದಾಟಿಸುತ್ತಿದ್ದಳು.

ಮನೆಗೆ ಅಡ್ಡಗೋಡೆ ಎದ್ದಿತ್ತು. ಪಾತ್ರೆ, ಮಂಚ, ಕೊನೆಗೆ ಕಾಲೊರಸುವ ಚಾಪೆಯನ್ನೂ ಕತ್ತರಿಸಿ ಹಂಚಿಕೊಂಡಿದ್ದರು. ಉಳಿದದ್ದು ತಾಯಿ ಮತ್ತು ಅವಳ ಹೆಸರಿನಲ್ಲಿದ್ದ, ಕೆಟ್ಟುನಿಂತ ಕಾರು. ತಾಯಿ ಯಾರ ಪಾಲಿಗೋ ಕಾರೂ ಅವರ ಪಾಲಿಗೆ ಎಂದು ತೀರ್ಮಾನವಾಯಿತು. ಕಾರಿನ ಜೊತೆ ತನ್ನನ್ನೂ ಸೇರಿಸಿ ಲೆಕ್ಕ ಹಾಕಿದ್ದು ಅವಳಿಗೆ ಬಹಳ ನೋವು ಕೊಟ್ಟಿತು. ಆದರೂ ಜಗಳವಾಡಲಿಲ್ಲ.

“ಮೊದ್ಲು ಕಾರ್ ರಿಪೇರಿ ಆಗ್ಲಿ. ಯಾರ ಮನೇಲಿರ್ತೀನಿ ಅಂತ ಆಮೇಲೆ ಹೇಳ್ತೀನಿ,” ಎಂದಳು.

ಮೆಕ್ಯಾನಿಕ್‌ನನ್ನು ಕರೆಸಿದರೆ ಒಳ್ಳೆಯ ಹೆಸರು ಅವನ ಪಾಲಾಗುತ್ತದಲ್ಲ. ಹಾಗಾಗಿ ಇಂಜಿನ್ನನ್ನೂ ಪಾಲು ಮಾಡಿಕೊಂಡರು. ಆಯಿಲ್ ದೊಡ್ಡವನದು, ಇಂಜಿನ್ ತಂಪಾಗಿಡುವ ಕೂಲೆಂಟ್ ಚಿಕ್ಕವನದು. ಎರಡನ್ನೂ ಬೇರೆಯಾಗಿಡುವ ಗ್ಯಾಸ್ಕೆಟ್ ಪಟ್ಟಿ ಸುಟ್ಟುಹೋಗಿ ಎರಡೂ ಬೆರೆತಿದ್ದವು.

ಅದನ್ನು ಬದಲಿಸಲು ದೊಡ್ಡವನು ಇಂಜಿನ್ನಿನ ಮೇಲ್ಭಾಗದ ಹೆಡ್ಡಿನ ಬೋಲ್ಟಿಗೆ ಸ್ಪ್ಯಾನರ್ ಹಾಕಿದ.

“ಅಮ್ಮಾ, ತಡಿ ಅನ್ನು. ರೇಡಿಯೇಟರ್ ಮಾತ್ರ ಖಾಲಿ ಮಾಡಿದ್ದೀನಿ. ಇಂಜಿನ್ ಒಳಗಿನ ಕೂಲೆಂಟ್ ಇಳಿಸದೆ ಹೆಡ್ ಎತ್ತಿದ್ರೆ ಎಲ್ಲಾ ಆಯಿಲ್ ಕಡೆ ಸುರಿಯುತ್ತೆ.”

“ಒಳಗಿಂದೂ ಇಳಿಸ್ಬೇಕಂತೆ ಕಣೋ.”

“ಬೇಗ ಇಳಿಸು ಅನ್ನು. ಹೆಡ್ ತೆಗೆದ ತಕ್ಷಣ ಆಯಿಲ್ ತೂತಿಗೆ ನಾನು ಬಟ್ಟೆ ತುರುಕ್ತೀನಿ.”

“ಆ ಬಟ್ಟೆ ವಾಪಸ್ ತೆಗೆಯೋದು ಮರೀಬೇಡ ಅಂತ ಅವನಿಗೆ ಹೇಳಮ್ಮ.”

“ಅದನ್ನ ನಾನೇ ನೋಡ್ಕೋತೀನಿ ಬಿಡು,” ಎಂದಳು ತಾಯಿ.

ಹೀಗೆ ಇಂಜಿನ್ ತಾಯಿಯ ಬಾಯಿಂದಲೇ ಬಿಚ್ಚಿಕೊಂಡು ತಾಯಿಯ ಬಾಯಿಂದಲೇ ಕೂಡಿಕೊಂಡಿತು. ಹೊಸ ಗ್ಯಾಸ್ಕೆಟ್ ಕೂತಿತು. ಬೋಲ್ಟುಗಳನ್ನು ನಡುವಿನಿಂದ ಅಂಚಿಗೆ ಬಿಗಿಯುವಾಗ ಮುಂದಿನದು ಯಾವುದೆಂದು ಅವಳೇ ಬೆರಳು ತೋರಿಸಿದಳು. ಕೆಲಸ ನಡೆದಷ್ಟೂ ದಿನ, ಬೆಳಗಿನ ವಾಕಿಂಗ್ ಒಂದನ್ನು ಬಿಟ್ಟರೆ ಅವಳು ಕುರ್ಚಿಯಿಂದ ಏಳುತ್ತಲೇ ಇರಲಿಲ್ಲ. ಅಮ್ಮನ ಒಲವು ತನ್ನ ಕಡೆಗೇ ಎಂದು ಇಬ್ಬರು ಮಕ್ಕಳೂ ಒಳಗೊಳಗೇ ಹಿಗ್ಗಿದರು.

“ದೂರ ಓಡಿಸಿದ್ರೂ ಬಿಸಿಯಾಗಲ್ಲ ತಾನೇ?” ಎಂದು ಕೇಳಿದಳು ತಾಯಿ.

“ನೀನು ಎಲ್ಲಿಗೆ ಅಂದ್ರೆ ಅಲ್ಲಿಗೆ ನಾನು ಕರ್ಕೊಂಡು ಹೋಗ್ತೀನಿ,” ಎಂದರು ಇಬ್ಬರೂ ಒಂದೇ ಉಸಿರಿಗೆ.

ಹೊಸ ಆಯಿಲ್, ಹೊಸ ಕೂಲೆಂಟ್ ತುಂಬಿದ ಮೇಲೆ ಇಂಜಿನ್ ಶುರುವಾಯಿತು. ಸಾಕಷ್ಟು ಹೊತ್ತು ಓಡಿಸಿ, ಆರಿಸಿ, ದೊಡ್ಡವನು ಆಯಿಲ್ ಅಳೆಯುವ ಕಡ್ಡಿ ಎಳೆದ. ಆಯಿಲ್ ಜೇನುತುಪ್ಪದ ಬಣ್ಣದಲ್ಲಿ ತಿಳಿಯಾಗಿತ್ತು.

“ನೋಡೋ,” ಎಂದ ಮೈಮರೆತು.

“ಹೂಂ ಕಣಣ್ಣ,” ಎಂದುಬಿಟ್ಟ ಚಿಕ್ಕವನು. ತಕ್ಷಣ ಇಬ್ಬರೂ ಮುಖ ತಿರುಗಿಸಿಕೊಂಡರು.

ತಾಯಿ ಒಳಗೆ ಹೋಗಿ ಬಟ್ಟೆಯ ಚೀಲ ಹಿಡಿದು ಬಂದಳು. ಅಣ್ಣತಮ್ಮಂದಿರು ಓಡಿಹೋಗಿ ತಮ್ಮ ತಮ್ಮ ಬಾಗಿಲು ಹಾರುಹೊಡೆದು ನಿಂತರು. ಅವಳು ಯಾವ ಬಾಗಿಲನ್ನೂ ನೋಡಲಿಲ್ಲ. ಚೀಲವನ್ನು ಹಿಂದಿನ ಸೀಟಿಗೆ ಎಸೆದು, ಗೇಟಿಗೆ ಬೆನ್ನು ಮಾಡಿ ನಿಂತಿದ್ದ ಕಾರಿನ ಮುಂಬಾಗಿಲು ತೆರೆದು ಕೂತಳು.

“ಯಾರ ಮನೆಗಮ್ಮಾ?” ಇಬ್ಬರೂ ಗೇಟಿನ ಹತ್ತಿರ ಓಡಿಬಂದರು.

“ನನ್ನ ಮನೆಗೆ, ಬಾಡಿಗೆಗೆ ಹಿಡಿದಿದ್ದೀನಿ,” ತಾಯಿ ಸ್ಟೀರಿಂಗ್ ಹಿಡಿದು ಸೀಟನ್ನು ಮುಂದಕ್ಕೆ ಎಳೆದುಕೊಂಡಳು, “ಇಬ್ರೂ ಒಂಚೂರು ಪಕ್ಕಕ್ಕೆ ನಿಲ್ಲಿ, ಡ್ರೈವಿಂಗ್ ಸ್ಕೂಲಿನೋನು ರಿವರ್ಸ್ ಇನ್ನೂ ಸರಿಯಾಗಿ ಹೇಳ್ಕೊಟ್ಟಿಲ್ಲ.”