ಹಾಲು ಪರೀಕ್ಷಕಿ ಕೆಲಸಕ್ಕೆ ಒಂದು ಪತ್ರ

"ಆ ಕಾಗ್ದ ಕೊಡಮ್ಮಿ ಇಲ್ಲಿ," ಎಂದು ಮಹದೇವಸ್ವಾಮಿ ಕೈ ಚಾಚಿದ.

ಗುರುಸಿದ್ದಮ್ಮ ಅರ್ಜಿ ಪತ್ರವನ್ನು ಸೆರಗಿನೊಳಗೆ ಒತ್ತಿ ಹಿಡಿದಳು. ಮದುವೆಯಾಗಿ ಮೂವತ್ತು ವರ್ಷ. ಗಂಡ ಕೇಳಿದ್ದನ್ನು ಕೊಡದೆ ನಿಂತದ್ದು ಇದೇ ಮೊದಲು.

ಊರ ಹಾಲಿನ ಡೈರಿಯೊಳಗೆ ಸಮಿತಿಯವರು ಸೇರಿದ್ದರು. ಇರುವುದು ಹಾಲು ಪರೀಕ್ಷಿಸುವ ಕೆಲಸ ಒಂದೇ. ಹೊರಗೆ ಜಗುಲಿಯ ಮೇಲೆ ಗುಂಡ್ಲುಪೇಟೆಯಲ್ಲಿ ಬಿ.ಎ. ಓದಿದ ಶೃತಿ ಮುದುಡಿ ಕೂತಿದ್ದಳು. ಪಕ್ಕದಲ್ಲಿ ಮಹದೇವಸ್ವಾಮಿಯ ಅಣ್ಣನ ಮಗ ಸೋಮೇಶ್ ಆಗಲೇ ಕೆಲಸ ಸಿಕ್ಕವನಂತೆ ಕಾಲಾಡಿಸುತ್ತಿದ್ದ. ಈ ಪತ್ರ ಒಳಗೆ ಗೆಲ್ಲದಿದ್ದರೆ ಕೆಲಸ ಅವನದೇ.

"ಸೋಮೇಶ ನಮ್ ಹುಡ್ಗ. ಅವ್ನಿಗೇ ಅಡ್ಡ ಬತ್ತೀಯಾ? ಮಂದಿ ಮುಂದೆ ತೊದಲಿದ್ರೆ ಏನ್ ಗತಿ? ಸುಮ್ಕೆ ಕೂತ್ಕೊ. ನಿನ್ ಮಾತೆಲ್ಲ ಯಾವಾಗ್ಲೂ ನಾನೇ ತಾನೆ ಆಡೋದು."

"ಇವತ್ತು ನಾನೇ ಓದ್ತೀನಿ."

"ರಾತ್ರಿ ಇಸ್ಕೂಲು ಬಾಳ ಕೆಲ್ಸ ಮಾಡ್ಬುಟ್ಟದೆ," ಎಂದು ಅವನು ಹಲ್ಲು ಕಚ್ಚಿ ನಕ್ಕ. "ಆಗ್ಲಿ. ಆಮೇಲೆ ಮನೆಗೆ ಬರ್ಬೇಕಲ್ಲ ನೀನು."

ಅವಳು ಹೊಸಿಲು ದಾಟಿದಳು. ಅವನು ಬೆನ್ನಿಗೇ ಬಂದು ಗೋಡೆಗೊರಗಿ ನಿಂತ.

"ಸುರು ಮಾಡನ," ಎಂದ ಕಾರ್ಯದರ್ಶಿ ಮರಿಯಪ್ಪ.

ಗುರುಸಿದ್ದಮ್ಮ ಪತ್ರ ಬಿಚ್ಚಿದಳು. ಒಂದು ವಾರ ಕೊಟ್ಟಿಗೆಯಲ್ಲಿ ಕದ್ದು ಕೂತು ಓದಿದ ಸಾಲುಗಳು. ಈಗ ಅಕ್ಷರಗಳು ಒಂದರ ಮೇಲೊಂದು ಹತ್ತಿಕೊಂಡವು. ಬೆರಳಿಟ್ಟು ಒಂದೊಂದನ್ನೇ ಬಿಡಿಸಿದಳು.

"'ಮಾನ್ಯರೇ, ಕಷ್ಟಪಟ್ಟು ದುಡಿಯುತ್ತೇನೆ ಎಂದು ಎಲ್ಲರಂತೆ ಬರೆಯುವುದಿಲ್ಲ. ಮುಖ ನೋಡಿ ಯಾರ ಹಾಲಿಗೂ ಫ್ಯಾಟ್ ಅಂಕಿ ಹೆಚ್ಚು ಕಡಿಮೆ ಹಾಕುವುದಿಲ್ಲ. ಅವರವರ ಎದುರಿಗೇ ಅಳೆದು, ಅಂಕಿ ತೋರಿಸಿ, ಆಮೇಲೆ ಬರೆಯುತ್ತೇನೆ. ನಮ್ಮ ಮನೆಯ ಹಾಲನ್ನು ಮಾತ್ರ ಬೇರೆಯವರ ಕೈಲಿ ಅಳೆಸುತ್ತೇನೆ.'"

"ಇದು ಕಣವ್ವ ಕಾಗ್ದ ಅಂದ್ರೆ," ಎಂದು ಸಮಿತಿಯ ಮಲ್ಲಿಗಮ್ಮ ಮೊದಲು ಕೈ ಎತ್ತಿದಳು. "ನಮ್ ಎಮ್ಮೆ ಹಾಲು ಇಷ್ಟು ದಿನ ಡೈರಿ ಲೆಕ್ಕ್ದಲ್ಲಿ ನೀರಾಗೋಗಿತ್ತು."

ಆಮೇಲೆ ಶಂಭುಲಿಂಗಪ್ಪ. ಆಮೇಲೆ ಉಳಿದವರು. ಮಹದೇವಸ್ವಾಮಿ ಗೋಡೆ ಬಿಟ್ಟು ಹೊರಗೆ ನಡೆದ.

ಮರಿಯಪ್ಪ ನಡವಳಿ ಪುಸ್ತಕವನ್ನು ಅವಳತ್ತ ತಳ್ಳಿದ.

'ಅಧ್ಯಕ್ಷರು' ಎಂದು ಅಚ್ಚಾಗಿದ್ದ ಕಡೆ ಗುರುಸಿದ್ದಮ್ಮ ತನ್ನ ಹೆಸರು ಬರೆದು, ಬಾಗಿಲತ್ತ ತಿರುಗಿ, "ಒಳಕ್ಕೆ ಬಾ ಶೃತಿ, ನಿನ್ ಕಾಗ್ದ ಗೆದ್ತು, ಕೆಲ್ಸ ನಿಂದು," ಎಂದಳು.